ಗೆಣಸು

ತಮಾಲೆಯ ಅಬೋಆಬೋ ಪೇಟೆಯಲ್ಲಿ
ಗುಂಡಿಯೊತ್ತುವ ಹಳೇ ಫೋನಿಗೆ ಗೆಣಸು ಅಂತಲೇ ಹೆಸರು.
ಯಾರಿಟ್ಟರೋ. ಮಣ್ಣಿನ ಬಣ್ಣ, ಹಿಡಿತುಂಬ ಗಾತ್ರ,
ಬಿದ್ದರೆ ಸದ್ದಾಗುತ್ತದೆ, ಕೆಡುವುದಿಲ್ಲ.
ಸನಾತು ಮಾರುವುದೂ ಗೆಣಸೇ.
"ನನ್ನ ಗೆಣಸೆಲ್ಲಿ?" ಎಂದು ಅವಳು ಕೂಗಿದರೆ
ರಾಶಿಯ ಮೇಲೆ ಕೂತ ಹುಡುಗರು
"ಯಾವುದು, ಬೇಯೋದೋ ಕೂಗೋದೋ?" ಅನ್ನುತ್ತಾರೆ.

ನಾನು ಎದುರಿನ ರಿಪೇರಿ ಗೂಡಿನವನು, ವುಂಪಿನಿ.
ಗಾಜಿನ ಫೋನುಗಳೇ ನನ್ನ ಹೊಟ್ಟೆ ಹೊರೆಯುವುದು, ಸುಳ್ಳೇಕೆ,
ದಿನಕ್ಕೆರಡು ಒಡೆದ ಮುಖ ಬರುತ್ತವೆ.
ಗೆಣಸಿನವರು ಬರುವುದು ವರ್ಷಕ್ಕೊಮ್ಮೆ,
ಹರ್ಮತ್ತಾನ್ ಗಾಳಿಯ ಧೂಳು ಗುಂಡಿಗಳಡಿ ಹೊಕ್ಕಾಗ.
ಹಲ್ಲುಜ್ಜುವ ಬ್ರಶ್ಶು, ಒಂದು ಹನಿ ಸ್ಪಿರಿಟು,
ಐದು ಸೆಡಿ.
ಅದಕ್ಕೂ ಚೌಕಾಸಿ.

ಸನಾತುವಿನದರಲ್ಲಿ ಐದು ಅಳಿಸಿದೆ, ಎಂಟೂ.
ಅವಳಿಗೆ ಓದು ಬಾರದು, ನಷ್ಟವಿಲ್ಲ.
ಹೆಸರುಗಳ ಜಾಗದಲ್ಲಿ ನಾನು ಕೂರಿಸಿಕೊಟ್ಟ ಗುರುತುಗಳಿವೆ:
ನಕ್ಷತ್ರ, ಅಣ್ಣ.
ಎರಡು ನಕ್ಷತ್ರ, ಅಣ್ಣನ ಎರಡನೇ ಹೆಂಡತಿ.
ಕೂಡುವ ಚಿಹ್ನೆ, ಆಸ್ಪತ್ರೆಯ ನರ್ಸು.
ಪ್ರಶ್ನೆಚಿಹ್ನೆ, ಸಾಲ ತೀರಿಸದವರು. ಮೂವರಿದ್ದಾರೆ,
ದನಿಯಲ್ಲೇ ಬೇರೆ ಮಾಡುತ್ತಾಳೆ.
ಒಂದು ಅಡ್ಡಗೆರೆ, ದಾರಿಯ ಹಾಗೆ: ಲಾರಿಯ ನೇಂಡೋ.

ಹೋದ ವರ್ಷ ನೂಕಾಟದಲ್ಲಿ ಅವಳ ಚೀಲ ಕುಯ್ದ ಕಳ್ಳ
ದುಡ್ಡು ತೆಗೆದುಕೊಂಡು
ಫೋನನ್ನು ನೀರಿನ ಕೊಡದ ಪಕ್ಕ
ಜೋಪಾನವಾಗಿ ಇಟ್ಟು ಹೋಗಿದ್ದ.
ದುಡ್ಡಿಗೆ ಒಂದು ದಿನ ಅತ್ತಳು.
ಇದಕ್ಕೆ ಮೂರು ದಿನ ಬೈದಳು:
"ಕಣ್ಣಿಲ್ಲದವನೇ, ಇದಕ್ಕೇನಾಗಿದೆ?"

ಕರೆ ಎತ್ತುವುದು ಇವರಲ್ಲಿ ದುಂದು.
ಒಂದು ರಿಂಗು: ಬಿಂಬಿಲಾ ಬಿಟ್ಟೆ.
ಎರಡು: ಯೆಂಡಿ ಮುಟ್ಟಿದೆ.
ಮೂರು: ಟೈರು ಕೈಕೊಟ್ಟಿದೆ, ಕಾಯಬೇಡ, ಮಲಗು.
ಹದಿನಾಲ್ಕು ವರ್ಷ
ಒಂದು ಪೆಸೆವಾ ಮಾತಿಗೆ ಸುರಿಯದೆ ವ್ಯಾಪಾರ ನಡೆಯಿತು.

ಒಂದು ಸಂಜೆ
ಮೂರಕ್ಕೆ ನಿಲ್ಲಲಿಲ್ಲ.
ನಾಲ್ಕು. ನಾಲ್ಕಕ್ಕೆ ಇವರು ಅರ್ಥವನ್ನೇ ಇಟ್ಟಿರಲಿಲ್ಲ.
ಐದು. ಕೆಂಡದಿಂದ ಈಗ ತೆಗೆದದ್ದನ್ನು ಹಿಡಿದಂತೆ
ಕೈಯಿಂದ ಕೈಗೆ ಬದಲಿಸಿದಳು.
ಪೊಲೀಸರೋ, ಸೇತುವೆಯೋ, ಲಾರಿ ಮಗುಚಿತೋ.
"ಎತ್ತಮ್ಮಾ" ಅಂದೆ.
"ಅವನ ದುಡ್ಡು ಹೋಗುತ್ತೆ" ಅಂದಳು.
ಏಳನೆಯದಕ್ಕೆ ಎತ್ತಿದಳು.

ಹಲೋ ಇಲ್ಲ. ಬಟ್ಟೆ ಉಜ್ಜುವ ಸದ್ದು,
ಚಿಲ್ಲರೆಯ ಗಲಗಲ.
ಜೇಬಿನೊಳಗೆ ಅವನ ತೊಡೆಯೇ ಗುಂಡಿ ಒತ್ತಿತ್ತು.
ಆಚೆಯೆಲ್ಲೋ ಒಬ್ಬ ಹೆಂಗಸು: ಹತ್ತಕ್ಕೆ ಎಷ್ಟು?
ಆಮೇಲೆ ನಮ್ಮಿಬ್ಬರಿಗೂ ಗೊತ್ತಿದ್ದ ಕೆಮ್ಮು,
ನೇಂಡೋ: ನಿನಗಂತಲೇ ಬೆಲೆ ಇಳಿಸಿದ್ದೀನಿ, ದೊಡ್ಡವನ್ನೇ ಆರಿಸಿಕೋ.
ನಾನು ನೆಲ ನೋಡಿದೆ.
ಅವಳು ಕೇಳುತ್ತಲೇ ಇದ್ದಳು, ಹನ್ನೊಂದು ನಿಮಿಷ,
ಅವನ ಕಳ್ಳತನವನ್ನು ಅವನದೇ ಕಾಸಿನಲ್ಲಿ.
ಬ್ಯಾಲೆನ್ಸು ಬರಿದಾಗಿ ತಾನೇ ಕಡಿದಾಗ
ನಗುತ್ತಿದ್ದಳು. ನಂಬಿದರೆ ನಂಬಿ.

ರಾತ್ರಿ ಲಾರಿ ಬಂತು, ಇಳಿಸಿದರು, ಎಣಿಸಿದರು.
ನೂರಕ್ಕೆ ತೊಂಬತ್ತು.
"ದಾರಿಯಲ್ಲಿ ಕೊಳೆತವು" ಅಂದ.
"ದಾರಿ ಉದ್ದ" ಅಂದಳು. ಚಹಾ ಕೊಟ್ಟಳು, ಬ್ರೆಡ್ಡು ಕೊಟ್ಟಳು.
ಅವನು ತನ್ನ ಗೆಣಸನ್ನು ನನ್ನ ಮುಂದಿಟ್ಟ:
"ಬ್ಯಾಲೆನ್ಸೆಲ್ಲ ತಿಂದು ಹಾಕಿದೆ, ಏನು ರೋಗ ನೋಡು."
ಬಿಚ್ಚಿದೆ, ಊದಿದೆ, ಮುಚ್ಚಿದೆ.
"ಗುಂಡಿಗೆ ಲಾಕು ಹಾಕಿಡು" ಅಂದೆ.
ಐದು ಸೆಡಿ ತೆಗೆದುಕೊಂಡೆ.

ಆಮೇಲೆ ಕೇಳಿದೆ ಅವಳನ್ನು,
ನೇಂಡೋನ ಗೆರೆ ಅಳಿಸಿ ಪ್ರಶ್ನೆಚಿಹ್ನೆ ಹಾಕಲೇ?
"ಯಾಕೆ? ಪ್ರಶ್ನೆ ಏನಿದೆ ಅದರಲ್ಲಿ?"

ಈಗ ಪ್ರತಿ ಲೋಡಿಗೂ, ಲಾರಿ ಯೆಂಡಿ ಮುಟ್ಟುವ ಹೊತ್ತಿಗೆ
ಅವಳೇ ಕೊಡುತ್ತಾಳೆ, ಎಣಿಸಿ, ನಾಲ್ಕು ರಿಂಗು.
ಅವನು ಎತ್ತುವುದಿಲ್ಲ,
ಏನದು ಅಂತ ಕೇಳುವುದೂ ಇಲ್ಲ.
ದಾರಿ ಅಷ್ಟೇ ಉದ್ದವಿದೆ.
ಒಂದೂ ಕೊಳೆಯುವುದಿಲ್ಲ.